ಕುದುರೆಯ ಹೊಟ್ಟೆಯ ಕೆಳಗೆ

ಮುಂಬೈಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡಿಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು, ಟಿಪ್ಪಣಿ ನೋಡಿಕೊಂಡು ಬರೆದದ್ದು.

ಇಲ್ಲಿ ಕೂತಿರುವವರಲ್ಲಿ ಕಾಲಾ ಘೋಡಾ ಗೊತ್ತಿಲ್ಲದವರು ಯಾರೂ ಇರಲಾರರು. ಜಹಾಂಗೀರ್ ಆರ್ಟ್ ಗ್ಯಾಲರಿ ಹತ್ತಿರ ಇಳಿಸಿ ಅಂದರೂ ಟ್ಯಾಕ್ಸಿಯವರು "ಕಾಲಾ ಘೋಡಾ ನಾ?" ಅಂತ ಕೇಳಿ ಗಟ್ಟಿ ಮಾಡಿಕೊಳ್ಳುತ್ತಾರೆ. ಈಗ ಒಂದು ಪ್ರಶ್ನೆ. ಆ ಕಪ್ಪು ಕುದುರೆಯ ಮೇಲೆ ಕೂತಿದ್ದವರು ಯಾರು? ಕೈ ಎತ್ತಿ ನೋಡೋಣ. ಎರಡು ಕೈ ಕಾಣ್ತಿದೆ, ಸರಿ.

ಕೂತಿದ್ದವರು ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್. ಪ್ರತಿಮೆ ಮಾಡಿದಾಗ ಇನ್ನೂ ಯುವರಾಜ, ಸೈನಿಕ ಉಡುಪು ತೊಟ್ಟಿದ್ದಾರೆ. ದುಡ್ಡು ಕೊಟ್ಟವರು ಮುಂಬೈಯ ವ್ಯಾಪಾರಿ ಆಲ್ಬರ್ಟ್ ಸಸೂನ್. ಮಾಡಿದ ಶಿಲ್ಪಿ ಬೋಮ್. ನಿಲ್ಲಿಸಿದ್ದು 1879ರಲ್ಲಿ. 1965ರಲ್ಲಿ ಅದನ್ನು ಅಲ್ಲಿಂದ ತೆಗೆದರು, ಈಗ ಭಾಯಖಳಾದ ರಾಣಿಬಾಗ್ ಉದ್ಯಾನದಲ್ಲಿದೆ. ಆದರೆ ಹೆಸರು ಎಲ್ಲಿಗೂ ಹೋಗಲಿಲ್ಲ, ನೋಡಿ. ಐವತ್ತು ವರ್ಷ ಕುದುರೆಯೇ ಇಲ್ಲದ ಜಾಗವನ್ನು ಜನ ಕಪ್ಪು ಕುದುರೆ ಅಂತಲೇ ಕರೆದರು. 2017ರಲ್ಲಿ ಅಲ್ಲಿಗೆ ಹೊಸ ಕುದುರೆ ಬಂತು, ಬೆನ್ನ ಮೇಲೆ ಯಾರೂ ಇಲ್ಲ.

ಜನರ ಕಣ್ಣು ಕುದುರೆಯ ಮೇಲಿತ್ತು. ನನಗೆ ಇದು ತುಂಬಾ ಇಷ್ಟ. ಯಾಕೆಂದರೆ ನಾನೂ ಕುದುರೆಯನ್ನೇ ನೋಡುವವನು. ಯುದ್ಧ ಗೆದ್ದ ಸೇನಾಪತಿಯ ಪ್ರತಿಮೆ ಮುಂದೆ ನಿಂತರೆ ಎಲ್ಲರೂ ಮೇಲೆ ಮುಖ ನೋಡುತ್ತಾರೆ, ಮೀಸೆ ನೋಡುತ್ತಾರೆ, ಕತ್ತಿ ನೋಡುತ್ತಾರೆ. ನಾನು ಕಾಲು ನೋಡುತ್ತೇನೆ, ಗೊರಸಿನ ಹತ್ತಿರ ಬಗ್ಗಿ ನೋಡುತ್ತೇನೆ, ಆಮೇಲೆ ಹೊಟ್ಟೆಯ ಕೆಳಗೆ.

ನಾನು ಕಲಾವಿದನಲ್ಲ. ಇತಿಹಾಸ ಓದಿದವನೂ ಅಲ್ಲ. 34 ವರ್ಷ ಕುರ್ಲಾ ಕಡೆಯ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡಿದ್ದೇನೆ. ಗನ್‌ಮೆಟಲ್ ಅನ್ನುವ ಕಂಚಿನ ವಾಲ್ವು, ಬುಷ್ಷು, ಪಂಪಿನ ಇಂಪೆಲರು ಇವೇ ನಮ್ಮ ಅನ್ನ. ವರ್ಷಕ್ಕೆ ಒಂದೋ ಎರಡೋ ಪ್ರತಿಮೆ ಕೆಲಸ ಬರುತ್ತಿತ್ತು. ಅದು ಬಂತು ಅಂದರೆ ಇಡೀ ಶೆಡ್ಡಿಗೆ ಹಬ್ಬ. ವಾಲ್ವು ಹೊಯ್ಯುವವನನ್ನು ಯಾರೂ ಫೋಟೋ ತೆಗೆಯೋಲ್ಲ, ಪ್ರತಿಮೆ ಹೊಯ್ಯುವಾಗ ಪಕ್ಕದ ಶೆಡ್ಡಿನವರೆಲ್ಲ ಬಂದು ನಿಲ್ಲುತ್ತಿದ್ದರು.

ಈ ಕೆಲಸ ನನಗೆ ಮುಂಬೈಯಲ್ಲಿ ಸಿಕ್ಕಿದ್ದೂ ಅಲ್ಲ. ನಾಗಮಂಗಲದ ಕಡೆ ನಮ್ಮ ಸೋದರಮಾವ ದೇವರ ವಿಗ್ರಹ ಎರಕ ಹೊಯ್ಯುತ್ತಿದ್ದರು. ಜೇನುಮೇಣಕ್ಕೆ ರಾಳ ಬೆರೆಸಿ, ಬಿಸಿಲಲ್ಲಿ ಮೆತ್ತಗೆ ಮಾಡಿ, ಬೆರಳಲ್ಲೇ ಗೊಂಬೆ ತಿದ್ದುತ್ತಿದ್ದರು. ಅದರ ಮೇಲೆ ಹುತ್ತದ ಮಣ್ಣು ಬಳಿಯುವುದು. ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು. ಆಮೇಲೆ ಬೆಂಕಿಗಿಟ್ಟರೆ ಮೇಣ ಕರಗಿ ಹರಿದು ಹೋಗುತ್ತದೆ, ಒಳಗೆ ಗೊಂಬೆಯ ಆಕಾರದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಕಂಚು.

ಮಾವ ಮಣ್ಣು ಮೆತ್ತುವ ಮೊದಲು ಮೇಣದ ಗೊಂಬೆಯನ್ನು ತಕ್ಕಡಿಗೆ ಹಾಕುತ್ತಿದ್ದರು. "ಒಂದಕ್ಕೆ ಒಂಬತ್ತು, ಕೈಬಿಟ್ಟು ಹೋಗೋದಕ್ಕೆ ಇನ್ನೊಂದು" ಅಂತ ಲೆಕ್ಕ. ಒಂದು ಸೇರು ಮೇಣವಾದರೆ ಹತ್ತು ಸೇರು ಲೋಹ ಕರಗಿಸಬೇಕು. ಮೇಣದ ತೂಕ ಹೆಚ್ಚುಕಡಿಮೆ ನೀರಿನಷ್ಟೇ, ಕಂಚು ಅದರ ಒಂಬತ್ತು ಪಟ್ಟಿನ ಹತ್ತಿರ. ಇದು ನನಗೆ ಎಷ್ಟೋ ವರ್ಷ ಆದ ಮೇಲೆ ತಿಳಿಯಿತು. ನಮ್ಮ ಬಸವಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲೂ ಇದೇ ಇದೆ. ಮೊದಲು ಮೇಣ ತೂಗಬೇಕು, ಅದರ ಮೇಲೆ ಲೋಹದ ಲೆಕ್ಕ. ಒಬ್ಬ ಅರಸ ಭಟ್ಟಿಯ ಲೆಕ್ಕವನ್ನು ಸಂಸ್ಕೃತ ಶ್ಲೋಕದಲ್ಲಿ ಬರೆದಿಟ್ಟ ಅಂದರೆ ಅವನು ಎಲ್ಲೋ ಎರಕದವರ ಪಕ್ಕ ನಿಂತು ನೋಡಿರಬೇಕು ಅಂತ ನನಗೆ ಅನಿಸುತ್ತದೆ.

ಗೇಣುದ್ದದ ದೇವರನ್ನು ಗಟ್ಟಿಯಾಗಿಯೇ ಹೊಯ್ಯಬಹುದು. ಕುದುರೆಯನ್ನು ಆಗೋಲ್ಲ. ಹದಿಮೂರು ಅಡಿಯ ಕುದುರೆ ಗಟ್ಟಿ ಕಂಚಿನದಾದರೆ ಅದನ್ನು ಎತ್ತುವುದೂ ಕಷ್ಟ, ಅದಕ್ಕಿಂತ ಮೊದಲು ಆರುವಾಗಲೇ ಬಿರುಕು ಬಿಡುತ್ತದೆ. ಹೊರಗಿನ ಲೋಹ ಬೇಗ ಆರುತ್ತದೆ, ಒಳಗಿನದು ಕುದಿಯುತ್ತಲೇ ಇರುತ್ತದೆ, ಆರುತ್ತಾ ಎರಡೂ ಜಗ್ಗಾಡುತ್ತವೆ. ಅದಕ್ಕೇ ಕುದುರೆ ಒಳಗೆ ಟೊಳ್ಳು. ನೀವು ನೋಡುವ ಆ ದೊಡ್ಡ ಎದೆ, ಹೊಟ್ಟೆ, ಪಿರ್ರೆ ಎಲ್ಲ ಕಿರುಬೆರಳಿನ ದಪ್ಪಕ್ಕಿಂತ ಕಡಿಮೆ ಇರುವ ಚಿಪ್ಪು.

ಇನ್ನೊಂದು ವಿಷಯ ಇದೆ. ಕಂಚು ಆರುವಾಗ ಕುಗ್ಗುತ್ತದೆ, ನೂರಕ್ಕೆ ಸುಮಾರು ಒಂದೂವರೆಯಷ್ಟು. ಹತ್ತು ಅಡಿಯ ಅಚ್ಚಿನಿಂದ ಹೊರಬರುವ ಕುದುರೆ ಸುಮಾರು ಎರಡು ಇಂಚು ಗಿಡ್ಡ. ಅಚ್ಚಿಗೆ ಮಾದರಿ ಮಾಡುವ ನಮ್ಮ ಪ್ಯಾಟರ್ನ್ ಮೇಕರ್ ಹತ್ತಿರ ಬೇರೆಯೇ ಒಂದು ಅಳತೆಪಟ್ಟಿ ಇತ್ತು. ಅದರ ಇಂಚು ಅಂಗಡಿಯ ಇಂಚಿಗಿಂತ ಒಂದು ಕೂದಲು ಉದ್ದ. ಕುಗ್ಗುವುದನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಪಟ್ಟಿ ಅದು. ಹೊಸದಾಗಿ ಬಂದ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದರು, ಆ ಪಟ್ಟಿ ಮುಟ್ಟಬೇಡ, ಅದರಲ್ಲಿ ಬಟ್ಟೆ ಅಳೆಯಬೇಡ ಅಂತ.

ಈಗ ಕಾಲಿಗೆ ಬರೋಣ. ಕುದುರೆಯ ಮೈಕಟ್ಟು ಹೇಗಿದೆ ಹೇಳಿ. ಮೇಲೆ ಪೀಪಾಯಿ, ಕೆಳಗೆ ಕಬ್ಬಿನ ಜಲ್ಲೆ. ನಿಂತ ಮನುಷ್ಯನ ಪ್ರತಿಮೆಯಾದರೆ ಶಿಲ್ಪಿಗೆ ನೂರು ದಾರಿ ಇದೆ. ಪಂಚೆ ಕೆಳಗಿನವರೆಗೆ ಇಳಿಸಬಹುದು, ಪಕ್ಕದಲ್ಲಿ ಒಂದು ಮರದ ಮೋಟು ಇಡಬಹುದು, ಕೈಗೆ ಕೋಲು ಕೊಡಬಹುದು. ಕುದುರೆಗೆ ಏನು ಕೊಡೋದು? ಅದರ ಮೇಲೆ ಒಬ್ಬ ಸವಾರ ಬೇರೆ. ಟನ್‌ಗಟ್ಟಲೆ ತೂಕ ನಾಲ್ಕು ಸಣ್ಣ ಗಿಣ್ಣುಗಳ ಮೇಲೆ. ಅದರಲ್ಲೂ ಶಿಲ್ಪಿ ಒಂದು ಕಾಲು ಎತ್ತಿಸಿಬಿಟ್ಟರೆ ಉಳಿದದ್ದು ಮೂರು.

ಈ ಮೂರು ಕಾಲಿನ ಕಥೆ ಇಟಲಿಯದು. ಮಗಳು ಅಳಿಯ ಅಲ್ಲಿಗೆ ಕರೆದುಕೊಂಡು ಹೋಗಿದ್ದರು, ಅಲ್ಲಿ ಎರಡು ಕುದುರೆ ನೋಡಿದೆ. ಒಂದು ಪಾದುವಾ ಊರಿನಲ್ಲಿ. ಗಟ್ಟಮೆಲಾಟ ಅನ್ನುವ ಸೇನಾಪತಿಯದು, ಮಾಡಿದವರು ಡೊನಾಟೆಲ್ಲೊ, 1453ರಲ್ಲಿ ನಿಲ್ಲಿಸಿದ್ದು. ತುಂಬಾ ಗಂಭೀರವಾದ ಕುದುರೆ. ಮುಂಗಾಲು ಒಂದು ಎತ್ತಿದೆ, ಆದರೆ ಗೊರಸಿನ ಅಡಿಗೆ ಒಂದು ಗುಂಡು ಇದೆ. ಫಿರಂಗಿ ಗುಂಡು ಅನ್ನುತ್ತಾರೆ. ಅದಕ್ಕೆ ಅರ್ಥ ಹೇಳುವವರು ಬೇಕಾದಷ್ಟು ಅರ್ಥ ಹೇಳಲಿ. ನನ್ನ ಕಣ್ಣಿಗೆ ಅದು ಆಸರೆ. ಎತ್ತಿದ ಕಾಲನ್ನು ಗಾಳಿಯಲ್ಲಿ ಬಿಡುವ ಧೈರ್ಯ ಆಗಿಲ್ಲ, ಅಥವಾ ಬೇಡ ಅನಿಸಿದೆ.

ಇನ್ನೊಂದು ವೆನಿಸ್‌ನಲ್ಲಿ. ಬಾರ್ತೊಲೊಮಿಯೊ ಕೊಲ್ಲೆಯೋನಿ. ಇವರು ಹಣಕ್ಕೆ ಯುದ್ಧ ಮಾಡುತ್ತಿದ್ದ ಸೇನಾಪತಿ. ಆಗಿನ ಇಟಲಿಯಲ್ಲಿ ಅದೊಂದು ಕಸುಬು. ಒಮ್ಮೆ ಈ ಊರಿನ ಪರ, ಒಮ್ಮೆ ಆ ಊರಿನ ಪರ. ಕೊನೆಗೆ ವೆನಿಸ್‌ನ ಮಹಾಸೇನಾಪತಿಯಾಗಿ ನಿಂತರು. 1475ರಲ್ಲಿ ಮುಪ್ಪಿನಲ್ಲಿ ತಮ್ಮದೇ ಕೋಟೆಯಲ್ಲಿ ತೀರಿಕೊಂಡರು. ಸಾಯುವಾಗ ದೊಡ್ಡ ಆಸ್ತಿಯನ್ನು ವೆನಿಸ್ ಸರ್ಕಾರಕ್ಕೆ ಬಿಟ್ಟರು, ಒಂದು ಷರತ್ತಿನ ಮೇಲೆ. ಸಂತ ಮಾರ್ಕನ ಚೌಕದಲ್ಲಿ ನನ್ನ ಕಂಚಿನ ಕುದುರೆ ಸವಾರಿ ಪ್ರತಿಮೆ ನಿಲ್ಲಿಸಬೇಕು. ವೆನಿಸ್‌ನವರು ಆ ಚೌಕದಲ್ಲಿ ಯಾವ ಒಬ್ಬ ಮನುಷ್ಯನ ಪ್ರತಿಮೆಗೂ ಜಾಗ ಕೊಡುತ್ತಿರಲಿಲ್ಲ. ಆಸ್ತಿ ಬಿಡಲೂ ಮನಸ್ಸಿಲ್ಲ. ಕೊನೆಗೆ ಸಂತ ಮಾರ್ಕನ ಹೆಸರಿನ ಒಂದು ಸಂಘದ ಕಟ್ಟಡದ ಮುಂದೆ, ಬೇರೆ ಚೌಕದಲ್ಲಿ ನಿಲ್ಲಿಸಿದರು. ಹೆಸರು ಸಂತ ಮಾರ್ಕನದೇ ಆಯ್ತಲ್ಲ ಅಂತ. ಈಗಲೂ ಅಲ್ಲೇ ಇದೆ.

ಶಿಲ್ಪಿ ವೆರೊಕ್ಕಿಯೊ. ಲಿಯೊನಾರ್ಡೊ ಡ ವಿಂಚಿಯ ಗುರು ಇವರು. ಕುದುರೆಯ ಕೆಲಸ ಇವರಿಗೆ, ಸವಾರನ ಕೆಲಸ ಬೇರೆಯವರಿಗೆ ಕೊಡುವ ಮಾತು ನಡೆಯಿತಂತೆ. ಕೋಪಕ್ಕೆ ತಾವು ಮಾಡಿದ್ದ ಮಾದರಿಯ ತಲೆ ಕಾಲು ಮುರಿದು ಊರು ಬಿಟ್ಟರು ಅಂತ ಒಂದು ಕಥೆ ಇದೆ. ಮತ್ತೆ ಈ ಕಡೆ ಬಂದರೆ ತಲೆ ತೆಗೆಸುತ್ತೇವೆ ಅಂತ ವೆನಿಸ್‌ನವರು ಹೇಳಿ ಕಳುಹಿಸಿದರಂತೆ. ನೀವು ತೆಗೆದ ತಲೆಯನ್ನು ಮತ್ತೆ ಇಡೋಕೆ ನಿಮ್ಮಿಂದ ಆಗದು, ನಾನು ಮುರಿದ ಕುದುರೆಯ ತಲೆಯನ್ನು ಇನ್ನೂ ಚೆನ್ನಾಗಿ ಮಾಡಿ ಇಡಬಲ್ಲೆ ಅಂತ ಇವರು ಉತ್ತರ ಕೊಟ್ಟರಂತೆ. ಕಥೆ ನಿಜವೋ ಅಲ್ಲವೋ, ಕೆಲಸ ಗೊತ್ತಿರುವವರ ಮಾತು ಅದು. ಕೆಲಸ ಅವರಿಗೇ ಬಂತು. ಆದರೆ ಎರಕ ಆಗುವ ಮೊದಲೇ, 1488ರಲ್ಲಿ, ವೆರೊಕ್ಕಿಯೊ ತೀರಿಕೊಂಡರು. ಮಣ್ಣಿನ ಮಾದರಿ ಇದೆ, ಹೊಯ್ಯುವವರು ಇಲ್ಲ. ವೆನಿಸ್‌ನವರು ತಮ್ಮದೇ ಊರಿನ ಎರಕದ ಕೆಲಸಗಾರ ಅಲೆಸಾಂಡ್ರೊ ಲೆಯೊಪಾರ್ಡಿಯನ್ನು ಕರೆದರು. 1496ರಲ್ಲಿ ಪ್ರತಿಮೆ ಜನರ ಮುಂದೆ ತೆರೆಯಿತು.

ಹದಿಮೂರು ಅಡಿ ಎತ್ತರ. ಎಡ ಮುಂಗಾಲು ಎತ್ತಿದೆ, ಅಡಿಗೆ ಏನೂ ಇಲ್ಲ. ಗುಂಡಿಲ್ಲ, ಕಲ್ಲಿಲ್ಲ, ಬರೀ ಗಾಳಿ. ಉಳಿದ ಮೂರು ಕಾಲಿನ ಮೇಲೆ 500 ವರ್ಷ ದಾಟಿ ನಿಂತಿದೆ. ನಾನು ಅಲ್ಲಿ ಒಂದು ಗಂಟೆ ನಿಂತೆ. ಮಗಳು ಕಾಫಿ ಕುಡಿದು ಬಂದಳು, ನಾನು ಅಲ್ಲೇ ಇದ್ದೆ. ಕೊಲ್ಲೆಯೋನಿಯ ಮುಖ ಭಾರೀ ಬಿಗಿ, ಹುಬ್ಬು ಗಂಟಿಕ್ಕಿ ಭುಜ ತಿರುಗಿಸಿ ಕೂತಿದ್ದಾರೆ. ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಕಂಡದ್ದು ಕುದುರೆಯ ಮೊಣಕಾಲಿನ ಕೆಳಗಿನ ಭಾಗ. ಅಲ್ಲಿ ಸಂಧಿ ಎಲ್ಲಿ ಬಂದಿರಬಹುದು, ಲೋಹ ಯಾವ ಕಡೆಯಿಂದ ಇಳಿದಿರಬಹುದು, ಗಾಳಿ ಹೊರಬರೋಕೆ ತೂತು ಎಲ್ಲಿ ಬಿಟ್ಟಿರಬಹುದು ಅಂತ ಹುಡುಕಿದೆ. ಆಮೇಲೆ ಹೊಟ್ಟೆಯ ಕೆಳಗೆ ನೋಡಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಾಲಿನ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು, ಇದು ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಕುದುರೆಯ ಎರಡೂ ಮುಂಗಾಲು ಮೇಲಿದ್ದರೆ ಸವಾರ ಯುದ್ಧದಲ್ಲಿ ಸತ್ತದ್ದು, ಒಂದೇ ಮೇಲಿದ್ದರೆ ಗಾಯದಿಂದ ಸತ್ತದ್ದು, ನಾಲ್ಕೂ ನೆಲದ ಮೇಲಿದ್ದರೆ ಸಹಜ ಸಾವು ಅಂತ. ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಮ್ಯಾಡ್ರಿಡ್‌ನಲ್ಲಿ ನಾಲ್ಕನೇ ಫಿಲಿಪ್ ರಾಜನ ಕಂಚಿನ ಕುದುರೆ ಎರಡೂ ಮುಂಗಾಲು ಎತ್ತಿ ನಿಂತಿದೆ. ಅದನ್ನು ಪಿಯೆತ್ರೊ ತಾಕ್ಕಾ ಮಾಡಿ ಮುಗಿಸಿದ್ದು 1640ರಲ್ಲಿ. ಫಿಲಿಪ್ ಸತ್ತದ್ದು 1665ರಲ್ಲಿ. ಪ್ರತಿಮೆ ಆದ ಮೇಲೆ 25 ವರ್ಷ ಬದುಕಿದ್ದ! ಅಮೆರಿಕದ ಜನರಲ್ ಆಂಡ್ರ್ಯೂ ಜಾಕ್ಸನ್ ಪ್ರತಿಮೆ, 1853ರದು, ಅದೂ ಎರಡೇ ಕಾಲಿನ ಮೇಲೆ. ಜಾಕ್ಸನ್ ಸತ್ತದ್ದು ಮನೆಯಲ್ಲಿ. ಕಾಲು ಎಷ್ಟು ಎತ್ತಬೇಕು ಅನ್ನುವುದನ್ನು ನಿರ್ಧರಿಸುವುದು ಶಿಲ್ಪಿಯ ಆಸೆ, ಎರಕದವರ ಕೈ, ಮತ್ತು ತೂಕ. ತಾಕ್ಕಾನ ಕುದುರೆಗೆ ಹಿಂಭಾಗ ಭಾರ, ಮುಂಭಾಗ ಹಗುರ, ಬಾಲವೂ ಕೆಳಗೆ ತಾಗಿ ಆಸರೆ ಕೊಡುತ್ತದೆ. ಇದಕ್ಕೆ ಗೆಲಿಲಿಯೊ ಸಲಹೆ ಕೊಟ್ಟಿದ್ದ ಅಂತಲೂ ಹೇಳುತ್ತಾರೆ. ಸಾವಿನ ಲೆಕ್ಕಕ್ಕಿಂತ ಈ ತೂಕದ ಲೆಕ್ಕ ಎಷ್ಟು ಚೆಂದ ಅಲ್ವಾ?

ಇಂಥದೇ ಇನ್ನೊಂದು ಕಥೆ, ಇದು ನಮಗೆ ಹತ್ತಿರದ್ದು. ಥಾಮಸ್ ಮನ್ರೋ ಹೆಸರು ಬಳ್ಳಾರಿ ಕಡೆಯವರು ಕೇಳಿರುತ್ತೀರಿ. 1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ ಕಡೆಯ ಸೀಮೆಯ ಆಡಳಿತ ಇವರದು, ರೈತವಾರಿ ಪದ್ಧತಿ ಇವರ ಹೆಸರಿನಲ್ಲೇ ಇದೆ. ಅದಕ್ಕೆ ಮೊದಲು ನಮ್ಮ ಕೆನರಾ ಜಿಲ್ಲೆಯಲ್ಲಿ ಕಂದಾಯ ನೋಡಿಕೊಂಡಿದ್ದರು. ಆದರೆ ಮೂಲತಃ ಸೈನಿಕ. ಪುಣೆಯ ಪೇಶ್ವೆ ಎರಡನೇ ಬಾಜಿರಾಯನ ಮೇಲೆ 1817-18ರಲ್ಲಿ ಕಂಪನಿ ಯುದ್ಧ ಮಾಡಿದಾಗ ಧಾರವಾಡ, ಬಾದಾಮಿ, ಬೆಳಗಾವಿ, ಸೊಲ್ಲಾಪುರದ ಕಡೆ ದಂಡು ನಡೆಸಿದ ಜನರಲ್ ಇವರೇ. ನಮ್ಮ ಊರುಗಳು ಪೇಶ್ವೆಯ ಕೈಯಿಂದ ಕಂಪನಿಯ ಕೈಗೆ ಹೋದದ್ದು ಹಾಗೆ. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತರು. ಚೆನ್ನೈಯಲ್ಲಿ ಅವರ ಕುದುರೆ ಸವಾರಿ ಪ್ರತಿಮೆ ಇದೆ, ಫ್ರಾನ್ಸಿಸ್ ಚಾಂಟ್ರಿ ಮಾಡಿದ್ದು, 1839ರಲ್ಲಿ ನಿಲ್ಲಿಸಿದ್ದು. ನೋಡಿದರೆ ಜೀನು ಇಲ್ಲ, ಕಾಲಿಡುವ ರಿಕಾಪು ಇಲ್ಲ. ಶಿಲ್ಪಿ ಮರೆತುಬಿಟ್ಟ, ಆಮೇಲೆ ಗೊತ್ತಾಗಿ ಜೀವ ಕಳೆದುಕೊಂಡ ಅಂತ ಅಲ್ಲಿನ ಜನ ಹೇಳುತ್ತಾರೆ. ಲಂಡನ್‌ನಲ್ಲಿ ಚಾಂಟ್ರಿ ಕೈಯಿಂದ ಬಂದ ಇನ್ನೆರಡು ಕುದುರೆ ಇವೆ, ನಾಲ್ಕನೇ ಜಾರ್ಜ್ ರಾಜನದು ಒಂದು, ಡ್ಯೂಕ್ ಆಫ್ ವೆಲ್ಲಿಂಗ್ಟನ್‌ದು ಇನ್ನೊಂದು. ಅವಕ್ಕೂ ರಿಕಾಪು ಇಲ್ಲ. ಮೂರು ಸಲ ಯಾರಾದರೂ ಮರೆಯುತ್ತಾರಾ? ಹಳೆಯ ರೋಮನ್ನರ ರೀತಿ ಬೇಕೆಂದೇ ಬಿಟ್ಟದ್ದು.

ವೆಲ್ಲಿಂಗ್ಟನ್ ಅಂದರೆ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲೇ ಉಳಿದ ಆರ್ಥರ್ ವೆಲ್ಲೆಸ್ಲಿ. ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರಲ್ಲಿ ಸೋಲಿಸಿದ ಅದೇ ಮನುಷ್ಯ. ಅವರ ಲಂಡನ್ ಕುದುರೆಯ ಕಂಚು ಎಲ್ಲಿಯದು ಅಂದರೆ ಯುದ್ಧದಲ್ಲಿ ಹಿಡಿದ ಫ್ರೆಂಚರ ಫಿರಂಗಿಗಳನ್ನು ಕರಗಿಸಿದ್ದು. ಇದನ್ನು ಓದಿದಾಗ ನನಗೆ ನಮ್ಮ ಶೆಡ್ಡಿನ ಗನ್‌ಮೆಟಲ್ ನೆನಪಾಯಿತು. ಹೆಸರಲ್ಲೇ ಗನ್ ಇದೆ, ದಿನಾ ಬಾಯಲ್ಲಿ ಹೇಳುತ್ತಿದ್ದೆವು, ಯಾರೂ ಯೋಚನೆ ಮಾಡಿರಲಿಲ್ಲ. ಮೊದಲು ತೋಪು ಹೊಯ್ಯುತ್ತಿದ್ದ ಲೋಹ ಅದು, ಈಗ ನಲ್ಲಿ ವಾಲ್ವು.

ತೋಪು ಕುದುರೆಯಾಗುವುದು ಒಂದು ಕಡೆಯಾದರೆ ಕುದುರೆ ತೋಪಾದದ್ದೂ ಇದೆ. ವೆರೊಕ್ಕಿಯೊ ಶಿಷ್ಯ ಲಿಯೊನಾರ್ಡೊಗೆ ಮಿಲಾನ್‌ನ ದೊರೆ ತನ್ನ ತಂದೆ ಫ್ರಾನ್ಸೆಸ್ಕೊ ಸ್ಫೋರ್ಜಾ ಅನ್ನುವ ಸೇನಾಪತಿಯ ಪ್ರತಿಮೆ ಕೆಲಸ ಕೊಟ್ಟ. ಲಿಯೊನಾರ್ಡೊ 24 ಅಡಿ ಎತ್ತರದ ಕುದುರೆ ಮಾಡಲು ಹೊರಟರು. ವರ್ಷಗಟ್ಟಲೆ ಕುದುರೆ ಲಾಯ ಸುತ್ತಿ ಚಿತ್ರ ಬರೆದರು, ಎರಕಕ್ಕೆ ಗುಂಡಿ ಹೇಗೆ ತೋಡಬೇಕು, ಭಟ್ಟಿ ಎಷ್ಟು ಬೇಕು ಅಂತ ಪುಟಗಟ್ಟಲೆ ಬರೆದುಕೊಂಡರು. ಮಣ್ಣಿನ ಮಾದರಿ ಎದ್ದು ನಿಂತಿತು. ಸುಮಾರು 70 ಟನ್ ಕಂಚು ತೆಗೆದಿಟ್ಟಿದ್ದರು. 1494ರಲ್ಲಿ ಫ್ರೆಂಚರ ದಂಡು ಬರುತ್ತದೆ ಅನ್ನುವಾಗ ಆ ಕಂಚೆಲ್ಲ ತೋಪು ಹೊಯ್ಯಲು ಹೋಯಿತು. ಮುಂದೆ 1499ರಲ್ಲಿ ಫ್ರೆಂಚರು ಮಿಲಾನ್ ಹಿಡಿದಾಗ ಅವರ ಬಿಲ್ಲುಗಾರರು ಆ ಮಣ್ಣಿನ ಕುದುರೆಯನ್ನು ಗುರಿ ಮಾಡಿ ಬಾಣ ಬಿಟ್ಟರು. ಅದು ಉದುರಿ ಹೋಯಿತು. ಎರಕದವನಾಗಿ ನನಗೆ ಇದಕ್ಕಿಂತ ಹೊಟ್ಟೆ ಉರಿಸುವ ಸುದ್ದಿ ಇನ್ನೊಂದಿಲ್ಲ. ಆ ಟಿಪ್ಪಣಿ ಬರೆದ ಕೈಗೆ ಒಂದು ಸಲವಾದರೂ ಲೋಹ ಹೊಯ್ಯಲು ಸಿಗಬೇಕಿತ್ತು.

ಇನ್ನು ಪುಣೆಗೆ ಬನ್ನಿ. ಶಿವಾಜಿನಗರದ ಕಡೆ ಶಿವಾಜಿ ಪ್ರಿಪರೇಟರಿ ಮಿಲಿಟರಿ ಶಾಲೆಯಲ್ಲಿ ಶಿವಾಜಿ ಮಹಾರಾಜರ ಕುದುರೆ ಸವಾರಿ ಪ್ರತಿಮೆ ಇದೆ. ಪುಣೆಯಲ್ಲಿ ಇರುವವರೇ ಎಷ್ಟೋ ಜನ ಅದನ್ನು ಹತ್ತಿರದಿಂದ ನೋಡಿಲ್ಲ. ಇದರ ಯೋಚನೆ ಕೊಲ್ಹಾಪುರದ ಶಾಹೂ ಮಹಾರಾಜರದು. 1921ರ ನವೆಂಬರಿನಲ್ಲಿ ಅಡಿಗಲ್ಲು ಬಿತ್ತು. ಮುಂದಿನ ವರ್ಷವೇ ಶಾಹೂ ಮಹಾರಾಜರು ತೀರಿಕೊಂಡರು, ಮಗ ರಾಜಾರಾಮ ಮಹಾರಾಜರು ಕೆಲಸ ಮುಂದುವರಿಸಿದರು. 1928ರ ಜೂನ್ 16ರಂದು ಅನಾವರಣ. ಮಾಡಿದವರು ವಿನಾಯಕ ಪಾಂಡುರಂಗ ಕರ್ಮರ್ಕರ್. ಅಲಿಬಾಗ್ ಹತ್ತಿರದ ಸಾಸವಣೆ ಹಳ್ಳಿಯವರು. ಹುಡುಗನಾಗಿದ್ದಾಗ ದೇವಸ್ಥಾನದ ಗೋಡೆಯ ಮೇಲೆ ಶಿವಾಜಿ ಮಹಾರಾಜರ ಚಿತ್ರ ಬರೆದಿದ್ದರು. ಅದು ಅಲ್ಲಿನ ಕಲೆಕ್ಟರ್ ರಾಥ್‌ಫೆಲ್ಡ್ ಕಣ್ಣಿಗೆ ಬಿತ್ತು, ಅವರು ಮುಂಬೈಯ ಜೆ.ಜೆ. ಕಲಾಶಾಲೆಗೆ ಸೇರಿಸಿದರು. ಗೋಡೆಯ ಮೇಲೆ ಶಿವಾಜಿ ಬರೆದ ಹುಡುಗನೇ ಮುಂದೆ ಕಂಚಿನಲ್ಲಿ ಶಿವಾಜಿ ಮಾಡಿದ. ಸಾಸವಣೆಯಲ್ಲಿ ಅವರ ಮನೆ ಈಗ ಮ್ಯೂಸಿಯಂ, ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹಿಡಿದು ಮಾಂಡವಾಕ್ಕೆ ಹೋದರೆ ಅಲ್ಲಿಂದ ಹತ್ತಿರ. ಮಕ್ಕಳನ್ನು ಕರೆದುಕೊಂಡು ಹೋಗಿ.

ನಾನು ಈ ಪ್ರತಿಮೆಗೆ ಯಾಕೆ ಕೈ ಮುಗಿಯುತ್ತೇನೆ ಅಂದರೆ, ಅದನ್ನು ತುಂಡು ತುಂಡಾಗಿ ಹೊಯ್ದು ಬೆಸೆದಿಲ್ಲ. ಒಂದೇ ಎರಕ. ಕುದುರೆ, ಸವಾರ ಎಲ್ಲ ಒಂದೇ ಅಚ್ಚಿನಲ್ಲಿ. ಇದರ ಅರ್ಥ ಏನು ಗೊತ್ತಾ? ಟನ್‌ಗಟ್ಟಲೆ ಲೋಹ ಒಂದೇ ಹೊತ್ತಿಗೆ ಕರಗಿ ಸಿದ್ಧವಾಗಿರಬೇಕು. ಸಾವಿರ ಡಿಗ್ರಿಗೂ ಜಾಸ್ತಿ ಕಾವು. ಹೊಯ್ಯಲು ಶುರು ಮಾಡಿದರೆ ನಿಲ್ಲಿಸುವ ಹಾಗಿಲ್ಲ. ನಿಂತರೆ ಮೊದಲು ಹೋದ ಲೋಹ ಆರಿಬಿಡುತ್ತದೆ, ಆಮೇಲೆ ಹೋದದ್ದು ಅದರ ಜೊತೆ ಕೂಡುವುದಿಲ್ಲ, ನಡುವೆ ಒಂದು ಗೆರೆ ಬೀಳುತ್ತದೆ. ಅಚ್ಚಿನೊಳಗೆ ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ಅಲ್ಲಿ ಗುಳಿ. ಟೊಳ್ಳು ಉಳಿಯಲಿ ಅಂತ ಒಳಗಿಟ್ಟ ಮಣ್ಣಿನ ತಿರುಳು ಒಂದು ಬೆರಳು ಸರಿದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ವರ್ಷಗಳ ಕೆಲಸ ಕೆಲವೇ ನಿಮಿಷದಲ್ಲಿ ಗೆದ್ದಿತು ಅಥವಾ ಹೋಯಿತು.

ರಷ್ಯಾದಲ್ಲಿ ಹಾಗೆ ಹೋಗುವುದರಲ್ಲಿತ್ತು. ಸೇಂಟ್ ಪೀಟರ್ಸ್‌ಬರ್ಗ್‌ನ ಮಹಾ ಪೀಟರ್ ಪ್ರತಿಮೆ, ಫಾಲ್ಕೊನೆ ಅನ್ನುವ ಫ್ರೆಂಚ್ ಶಿಲ್ಪಿಯದು. 1775ರಲ್ಲಿ ಎರಕ ಹೊಯ್ಯುವಾಗ ಅಚ್ಚು ಒಡೆದು ಕುದಿಯುವ ಕಂಚು ಹೊರಗೆ ನುಗ್ಗಿತು. ಶೆಡ್ಡಿಗೆ ಬೆಂಕಿ ಹತ್ತಿತು. ಎಲ್ಲರೂ ಓಡಿದರು. ಎಮೆಲ್ಯಾನ್ ಖೈಲೊವ್ ಅನ್ನುವ ತೋಪು ಹೊಯ್ಯುವ ಕೆಲಸಗಾರ ಒಬ್ಬನೇ ನಿಂತ, ಒಡೆದ ಕಡೆ ಮುಚ್ಚಿದ, ಉಳಿದ ಲೋಹವನ್ನು ಅಚ್ಚಿಗೆ ಹರಿಯುವ ಹಾಗೆ ಮಾಡಿದ. ಮೇಲಿನ ಭಾಗ ಕೆಟ್ಟಿತ್ತು, ಅದನ್ನು ಆಮೇಲೆ ಮತ್ತೆ ಹೊಯ್ದರು. ಕೆಳಗಿನದೆಲ್ಲ ಉಳಿಯಿತು. ಖೈಲೊವ್ ಹೆಸರು ನಮಗೆ ಉಳಿದಿರುವುದು ಅವತ್ತು ಅವಘಡ ಆಯಿತು ಅನ್ನುವ ಕಾರಣಕ್ಕೆ. ಏನೂ ಆಗದೆ ಸರಾಗವಾಗಿ ಹೊಯ್ದಿದ್ದರೆ ಆ ಹೆಸರೂ ಇರುತ್ತಿರಲಿಲ್ಲ.

ನನ್ನ ಕಣ್ಣ ಮುಂದೆ ಆದದ್ದನ್ನೂ ಹೇಳುತ್ತೇನೆ. ಒಂದು ಜುಲೈ ತಿಂಗಳು. ಒಬ್ಬ ಸೇನಾಪತಿಯ ಪ್ರತಿಮೆ, ಹಿಂಗಾಲಿನ ತುಂಡು ಹೊಯ್ಯಬೇಕಿತ್ತು. ನಾವು ತುಂಡು ಮಾಡಿಯೇ ಹೊಯ್ಯುತ್ತಿದ್ದೆವು, ಒಟ್ಟು ಹದಿನೆಂಟು ತುಂಡು. ಅನಾವರಣದ ದಿನ ಗೊತ್ತಾಗಿಬಿಟ್ಟಿದೆ, ಕಾರ್ಡೂ ಅಚ್ಚಾಗಿದೆ. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಮಿಸ್ತ್ರಿ ಅಚ್ಚಿಗೆ ಅಂಗೈ ಇಟ್ಟು ನೋಡಿ, ಇದು ಇನ್ನೂ ತಣ್ಣಗಿದೆ, ಇವತ್ತು ಬೇಡ ಅಂದರು. ಕೆಲಸ ಕೊಟ್ಟವರು ಕೇಳಲಿಲ್ಲ. ನಮ್ಮವರೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ. ಹೊಯ್ದೆವು. ಹಸಿ ಅಚ್ಚಿಗೆ ಕುದಿಯುವ ಲೋಹ ಬಿದ್ದರೆ ಒಳಗಿನ ನೀರು ಒಂದೇ ಕ್ಷಣದಲ್ಲಿ ಆವಿಯಾಗುತ್ತದೆ, ಅದಕ್ಕೆ ಹೋಗಲು ದಾರಿ ಬೇಕು. ದಾರಿ ಸಿಗದಿದ್ದರೆ ಲೋಹವನ್ನೇ ಎತ್ತಿ ಎಸೆಯುತ್ತದೆ. ಲೋಹ ಹೊಯ್ಯುವ ಲೇಡಲ್ ಹಿಡಿದಿದ್ದ ಹುಡುಗನ ಮುಂಗೈ ಸುಟ್ಟಿತು. ಮೂರು ತಿಂಗಳು ಅವನು ಕೆಲಸಕ್ಕೆ ಬರಲಿಲ್ಲ. ತುಂಡು ಹಾಳಾಯಿತು, ಕಾರ್ಡಿನ ತಾರೀಕು ಹೇಗೂ ಮುಂದೆ ಹೋಯಿತು. ಆ ಹುಡುಗನ ಕೈ ಮೇಲಿನ ಗುರುತು ನನಗೆ ಆ ಪ್ರತಿಮೆಯ ಮುಖಕ್ಕಿಂತ ಚೆನ್ನಾಗಿ ನೆನಪಿದೆ.

ಅದಕ್ಕೇ ಅವಸರದ ಪ್ರತಿಮೆ ಅಂದರೆ ನನಗೆ ಭಯ. ಮಾಲ್ವಣದ ರಾಜಕೋಟ್ ಕೋಟೆಯಲ್ಲಿ 2023ರ ಡಿಸೆಂಬರಿನಲ್ಲಿ ತೆರೆದ ಶಿವಾಜಿ ಮಹಾರಾಜರ ಪ್ರತಿಮೆ 2024ರ ಆಗಸ್ಟ್ 26ರಂದು ಬಿದ್ದೇಹೋಯಿತು. ಒಂಬತ್ತು ತಿಂಗಳೂ ತುಂಬಿರಲಿಲ್ಲ. ಅದು ಕುದುರೆ ಸವಾರಿಯದಲ್ಲ, ನಿಂತ ಪ್ರತಿಮೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಮುದ್ರದ ಉಪ್ಪುಗಾಳಿ ಕಂಚನ್ನು ಹಸಿರು ಮಾಡುತ್ತದೆ ಅಷ್ಟೇ, ಕೊಲ್ಲುವುದಿಲ್ಲ. ಆದರೆ ಒಳಗಿನ ಕಬ್ಬಿಣದ ಚೌಕಟ್ಟು, ನಟ್ಟು, ಬೋಲ್ಟು ಬೇರೆ ಜಾತಿ. ಕಂಚಿಗೆ ತಾಗಿಕೊಂಡ ಕಬ್ಬಿಣ ಒದ್ದೆಯಾದರೆ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದರೆ ಉಬ್ಬುತ್ತದೆ. ಹಾಗಾಗಿ ಕುದುರೆಯ ಹೊಟ್ಟೆಯ ಅಡಿಯಲ್ಲಿ ಒಂದು ಸಣ್ಣ ತೂತು ಇರಬೇಕು, ಒಳಗೆ ಸೇರಿದ ನೀರು ಹೊರಹೋಗಲು. ಮಳೆಗಾಲ ಕಳೆದ ಮೇಲೆ ಯಾರಾದರೂ ಬಂದು ಒಂದು ತಂತಿ ಹಾಕಿ ಅದು ಕಟ್ಟಿಕೊಂಡಿಲ್ಲ ಅಂತ ನೋಡಬೇಕು. ಹತ್ತು ನಿಮಿಷದ ಕೆಲಸ. ಗೇಟ್‌ವೇ ಎದುರು ಸದಾಶಿವ ಸಾಠೆ ಮಾಡಿದ ಶಿವಾಜಿ ಮಹಾರಾಜರ ಕುದುರೆ 1961ರ ಗಣರಾಜ್ಯ ದಿನದಿಂದ ಆ ಉಪ್ಪುಗಾಳಿಯಲ್ಲೇ ನಿಂತಿದೆ. ಅಷ್ಟು ವರ್ಷ ನಿಂತಿದೆ ಅಂದರೆ ಯಾರೋ ಸರಿಯಾಗಿ ಮಾಡಿದ್ದಾರೆ.

ಬೊರಿವಲಿಯಲ್ಲಿ ಇರುವವರಿಗೆ ಒಂದು ಮಾತು. ನಿಮ್ಮ ಎಕ್ಸರ್‌ನಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ. ಹಡಗಿನ ಯುದ್ಧ, ಸಾಲಾಗಿ ಹುಟ್ಟುಗಳು, ಎಲ್ಲ ಕಲ್ಲಿನಲ್ಲಿ ಕೆತ್ತಿದೆ. ನಮ್ಮ ಕಡೆ ಊರೂರಿಗೂ ಇರುವಂಥದೇ. ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಮುಂದೆ ಕೂತಿರುವುದು. ತುರು ಕಾದು ಸತ್ತವನಿಗೂ ನಮ್ಮಲ್ಲಿ ಕಲ್ಲು ನಿಂತಿದೆ. ಅಷ್ಟೇ ಅಲ್ಲ, ನಮ್ಮಲ್ಲಿ ಕೆತ್ತಿದವರೂ ಹೆಸರು ಹಾಕುತ್ತಿದ್ದರು. ಬೇಲೂರಿನ ಮದನಿಕೆಯ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಎಷ್ಟು ಕಡೆ ಇದೆ ನೋಡಿ.

ವೆನಿಸ್‌ನ ಕುದುರೆಯ ಹೊಟ್ಟೆಯ ಕೆಳಗೆ ನಾನು ನೋಡಿದ್ದು ಅದನ್ನೇ. ಜೀನು ಬಿಗಿಯುವ ಪಟ್ಟಿ ಹೊಟ್ಟೆಯನ್ನು ಸುತ್ತಿಕೊಂಡು ಹೋಗುತ್ತದಲ್ಲ, ಅದರ ಮೇಲೆ ಲ್ಯಾಟಿನ್ ಅಕ್ಷರ. ಮಗಳು ಫೋನಿನ ಕ್ಯಾಮೆರಾ ಹಿಗ್ಗಿಸಿ ಒಂದೊಂದೇ ಅಕ್ಷರ ಓದಿದಳು. ಅಲೆಸಾಂಡ್ರೊ ಲೆಯೊಪಾರ್ಡಿ, ಇದು ಅವನ ಕೆಲಸ. ಮಾದರಿ ಮಾಡಿದ ವೆರೊಕ್ಕಿಯೊ ಹೆಸರಲ್ಲ, ಎರಕ ಹೊಯ್ದವನ ಹೆಸರು. ಅದು ಸರಿಯೋ ತಪ್ಪೋ ಅಂತ ಕಲೆ ಬಲ್ಲವರು ಜಗಳ ಆಡುತ್ತಾರೆ. ವೆರೊಕ್ಕಿಯೊ ಹೆಸರೂ ಪಕ್ಕದಲ್ಲಿ ಇರಬೇಕಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೂ ಅಲ್ಲಿ ನಿಂತಾಗ ನನ್ನ ಕಣ್ಣು ತುಂಬಿತು. ಮಗಳು ಏನಾಯ್ತಪ್ಪಾ ಅಂದಳು.

ಅವಳಿಗೆ ಅವತ್ತು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಆ ಹಿಂಗಾಲು ಹಾಳಾದ ಪ್ರತಿಮೆ ಇದೆಯಲ್ಲ, ಅದನ್ನು ಮಳೆ ನಿಂತ ಮೇಲೆ ಮತ್ತೆ ಹೊಯ್ದೆವು. ಚೆನ್ನಾಗಿ ಬಂತು. ಕೊನೆಗೆ ಉಳಿದದ್ದು ಹೊಟ್ಟೆಯ ತುಂಡು. ಮೇಣದ ಹಾಳೆ ಸಿದ್ಧವಾಗಿ ಮಗುಚಿ ಮಲಗಿಸಿತ್ತು, ಒಳಬದಿ ಮೇಲೆ. ಊಟದ ಹೊತ್ತು. ಮಿಸ್ತ್ರಿ ತಮ್ಮ ಕಡ್ಡಿ ತೆಗೆದು ಮೇಣದ ಮೇಲೆ ಹೆಸರು ಬರೆದರು, ಮರಾಠಿಯಲ್ಲಿ. ಆಮೇಲೆ ಕಡ್ಡಿಯನ್ನು ನಮ್ಮ ಕಡೆ ಚಾಚಿದರು. ಮೇಣ ಬಿಸಿಲಿಗೆ ಮೆತ್ತಗಾಗಿತ್ತು, ಮಾವನ ಅಂಗಳದ ವಾಸನೆ ಬಂತು. ಕೈ ಸುಟ್ಟುಕೊಂಡ ಹುಡುಗ ಅವತ್ತು ಇರಲಿಲ್ಲ, ಅವನ ಹೆಸರನ್ನು ಅವನ ಅಣ್ಣ ಹಿಂದಿಯಲ್ಲಿ ಬರೆದ. ಒಟ್ಟು ಏಳು ಹೆಸರು. ಮರುದಿನ ಅಚ್ಚು ಮುಚ್ಚಿದೆವು, ಹೊಯ್ದೆವು, ತುಂಡುಗಳನ್ನು ಬೆಸೆದೆವು. ಈಗ ಅವು ಒಳಗೆ ಕಂಚಿನಲ್ಲಿವೆ, ಎಡಗಡೆ, ನೀರು ಹೋಗುವ ತೂತಿನಿಂದ ಒಂದು ಗೇಣು ಮೇಲೆ. ನನ್ನದು ನಾಲ್ಕನೆಯದು, ಕನ್ನಡದಲ್ಲಿದೆ.